ಗುಡುಗುಮೋಡದ ನೆತ್ತಿ ನೋಡಲು ಟೆಲಿಸ್ಕೋಪೋ, ಹಳೆಯ ದುರ್ಬೀನೋ?

ಪುಣೆಯ ಜೂನಾ ಬಜಾರಿನಲ್ಲಿ ಚೌಕಾಸಿ ಮಾಡಿ 900 ರೂಪಾಯಿಗೆ ತಂದ, ಒಂದು ಬದಿಯ ತೊಗಲು ಕಿತ್ತುಹೋದ ದುರ್ಬೀನೇ (ಬೈನಾಕ್ಯುಲರ್) ಗೆದ್ದಿತು. 6,500 ರೂಪಾಯಿ ಸುರಿದ ಟೆಲಿಸ್ಕೋಪ್ ಕೋಥ್ರೂಡಿನ ನಮ್ಮ ಮನೆಯ ಅಟ್ಟ ಸೇರಿದೆ.

ನನಗೆ ಬೇಕಿದ್ದದ್ದು ಚಂದ್ರನಲ್ಲ. ಮೇ ತಿಂಗಳ ಮಧ್ಯಾಹ್ನ ಪುಣೆಯ ಸುತ್ತ ಏಳುವ ಗುಡುಗುಮೋಡದ ತಲೆ ಹೆಪ್ಪುಗಟ್ಟುವ ಗಳಿಗೆ. ನೀರಹನಿಗಳಿರುವ ತನಕ ಮೋಡದ ಅಂಚು ಹೂಕೋಸಿನಂತೆ ಕಡೆದಿಟ್ಟಂತಿರುತ್ತದೆ; ಅಂಚು ದಾಟಿದ ಹನಿ ಒಣಗಾಳಿಗೆ ಸಿಕ್ಕಿ ಕೂಡಲೇ ಆವಿಯಾಗುತ್ತದೆ. ಸುಮಾರು −38 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಧೂಳಿನ ಕಣದ ಆಸರೆಯಿಲ್ಲದೆಯೂ ಹನಿಗಳು ಹಿಮವಾಗುತ್ತವೆ. ಹಿಮಕಣ ಅಷ್ಟು ಬೇಗ ಆವಿಯಾಗದು, ಗಾಳಿ ಎಳೆದತ್ತ ಹೋಗುತ್ತದೆ. ಹೂಕೋಸು ಕೆದರಿದ ಅರಳೆಯಾಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ.

ಟೆಲಿಸ್ಕೋಪ್ ಕೈಕೊಟ್ಟದ್ದು ಇಲ್ಲಿಯೇ. ಅದರಲ್ಲಿ ಎಲ್ಲವೂ ತಲೆಕೆಳಗು. ನಕ್ಷತ್ರ ತಲೆಕೆಳಗಾದರೆ ಯಾರಿಗೆ ಏನು? ಮೋಡ ಹಾಗಲ್ಲ. ಮೇಲೇರುವ ಗೋಪುರ ಪಾತಾಳಕ್ಕಿಳಿಯುತ್ತದೆ, ಉದುರುವ ಹಿಮದ ಎಳೆಗಳು ಊದುಬತ್ತಿಯ ಹೊಗೆಯಂತೆ ಏರುತ್ತವೆ. ಎಡಕ್ಕೆ ಸರಿಸಬೇಕಾದಾಗಲೆಲ್ಲ ನನ್ನ ಕೈ ಬಲಕ್ಕೇ ಹೋಗುತ್ತಿತ್ತು. ಒಮ್ಮೆಗೆ ಕಾಣುವುದೂ ಮೋಡದ ಒಂದು ತುತ್ತು ಮಾತ್ರ. ಬೇಕಾದ ಅಂಚನ್ನು ಹುಡುಕುವಷ್ಟರಲ್ಲಿ ಅದು ಅರಳೆಯಾಗಿರುತ್ತಿತ್ತು. ತಾರಸಿಯಲ್ಲಿ ಸಂಡಿಗೆ ಹರವಿದ್ದ ಅಮ್ಮ, "ಮೋಡ ಏರುತ್ತಿದೆಯೇನೋ? ಸಂಡಿಗೆ ತೆಗೆಯಲೇ?" ಎಂದು ಕೇಳಿದಾಗ, ಟೆಲಿಸ್ಕೋಪಿನಿಂದ ಕಣ್ಣು ತೆಗೆದು ಬರಿಗಣ್ಣಿನಿಂದ ನೋಡಿಯೇ ಉತ್ತರ ಹೇಳಬೇಕಾಯಿತು. ನೆಟ್ಟಗೆ ತೋರಿಸುವ ಪ್ರಿಸಂ ಬೇರೆಯಾಗಿ ಕೊಳ್ಳಬೇಕಂತೆ!

ದುರ್ಬೀನಿನಲ್ಲಿ ಮೋಡ ಇದ್ದಂತೆಯೇ ಕಾಣುತ್ತದೆ, ಪೂರ್ತಿ ಕಾಣುತ್ತದೆ. ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ. ಮೊಣಕೈ ಗೋಡೆಗೆ ಊರಿದರಾಯಿತು.

ಇನ್ಸಾಟ್-3ಡಿಆರ್ ಹವಾಮಾನ ಉಪಗ್ರಹದ ಚಿತ್ರಗಳು ಪುಕ್ಕಟೆ, ರಾತ್ರಿಗೆ ಅವೇ ಗತಿ. ಆದರೆ ಅರ್ಧ ಗಂಟೆಗೊಂದು ಚಿತ್ರ ಬರುವುದರೊಳಗೆ ನನ್ನ ಹೂಕೋಸಿನ ಕಥೆ ಮುಗಿದಿರುತ್ತದೆ. ತೆಳುವಾದ ಹಿಮಮೋಡದೊಳಗಿಂದ ಕೆಳಗಿನ ಶಾಖ ತೂರಿಬರುವುದರಿಂದ, ಶಾಖ ನೋಡಿ ಎತ್ತರ ಅಂದಾಜಿಸುವ ಇನ್‌ಫ್ರಾರೆಡ್ ಚಿತ್ರದಲ್ಲಿ ಆ ಮೋಡ ನಿಜಕ್ಕಿಂತ ತಗ್ಗಿನಲ್ಲಿದ್ದಂತೆಯೂ ತೋರುತ್ತದೆ.

ಹಿಮದ ಹರಳುಗಳು ಸೂರ್ಯನ ಸುತ್ತ ಮೂಡಿಸುವ ಬಳೆಯನ್ನು ನೋಡಲು ಯಾವ ಉಪಕರಣವೂ ಬೇಡ. ದುರ್ಬೀನನ್ನಂತೂ ಅತ್ತ ತಿರುಗಿಸಲೇಬಾರದು. ನೀರಿನ ಟ್ಯಾಂಕಿನ ಮರೆಗೆ ಸೂರ್ಯನನ್ನು ಬಿಟ್ಟು, ತೋಳು ಚಾಚಿ ಒಂದು ಗೇಣು ಅಳೆಯುತ್ತೇನೆ. ಸೂರ್ಯನಿಂದ 22 ಡಿಗ್ರಿ ದೂರದ ಆ ಬಳೆ ಇದ್ದರೆ ಹೆಚ್ಚುಕಡಿಮೆ ಅಲ್ಲಿಯೇ ಇರಬೇಕು. ಹೊಸದಾಗಿ ಹರಡಿದ ಅಡಿಗಲ್ಲಿನಲ್ಲಿ ನನಗೆ ಪೂರ್ತಿ ಬಳೆ ಒಮ್ಮೆಯೂ ಸಿಕ್ಕಿಲ್ಲ. ಬಳೆಗೆ ನಯವಾದ ಆರು ಮುಖದ ಹರಳು ಬೇಕು. ಗುಡುಗುಮೋಡ ಮೇಲಕ್ಕೆಸೆಯುವುದು ಹೆಚ್ಚಾಗಿ ಹನಿಯಾಗಿದ್ದಂತೆಯೇ ಹೆಪ್ಪುಗಟ್ಟಿದ ಗುಂಡುಕಣಗಳನ್ನು, ಒಂದಕ್ಕೊಂದು ಅಂಟಿದ ಮುದ್ದೆಗಳನ್ನು.

ಅಂದಹಾಗೆ, ಟೆಲಿಸ್ಕೋಪ್ ಅರ್ಧ ಬೆಲೆಗೆ ಕೊಡಲು ಸಿದ್ಧನಿದ್ದೇನೆ. ಚಂದ್ರ ಅದರಲ್ಲಿ ಚೆನ್ನಾಗಿಯೇ ಕಾಣುತ್ತಾನೆ.