ಪಪ್ಪಿ ಲಿನಕ್ಸ್‌ನಲ್ಲಿ ಬ್ರೌಸರ್: ರೂಟ್ ಬೇಡ, ಸ್ಪಾಟ್ ಇರಲಿ

ವಿಜಯಪುರದಲ್ಲಿ ನಮ್ಮದು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ಉತಾರ, ವಿದ್ಯಾರ್ಥಿವೇತನ, ನೇಮಕಾತಿ ಅರ್ಜಿಗಳಿಗೆಂದು ಬರುವವರ ಆಧಾರ್ ಪ್ರತಿ, ಅಂಕಪಟ್ಟಿ, ಪಾಸ್‌ಬುಕ್ಕುಗಳೆಲ್ಲ ನಮ್ಮ ಯಂತ್ರಗಳ ಮೂಲಕವೇ ಹಾದುಹೋಗುತ್ತವೆ. ಹೊಸ ವಿಂಡೋಸ್ ತಾಳಲಾರದ 2 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪಿನಲ್ಲಿ, ಹಳೆಯ ಯಂತ್ರಗಳಿಗೂ ಹಗುರವಾದ ಪಪ್ಪಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ, ಉಬುಂಟು 20.04ರ ಆಧಾರದ ಮೇಲೆ ಕಟ್ಟಿದ ಫೊಸ್ಸಾಪಪ್64 ಆವೃತ್ತಿಯನ್ನು ಹಾಕಿಕೊಂಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ವೇಗದ ವಿಷಯದಲ್ಲಿ ದೂರಿಲ್ಲ. ನಾನು ಬರೆಯಬೇಕೆಂದಿರುವುದು ಸುರಕ್ಷತೆಯ ಬಗ್ಗೆ.

ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿಯಲ್ಲಿ ಬಳಕೆದಾರ ನೇರವಾಗಿ ರೂಟ್ ಆಗಿಯೇ, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರನಾಗಿಯೇ, ಒಳಬರುತ್ತಾನೆ. ವ್ಯವಸ್ಥೆಯೆಲ್ಲ ರ್‍ಯಾಮ್‌ನಲ್ಲಿ ಓಡುವುದರಿಂದ ಏನಾದರೂ ಕೆಟ್ಟರೆ ರೀಸ್ಟಾರ್ಟ್ ಮಾಡಿದರೆ ಸಾಕು ಎಂದು ಅನೇಕರು ವಾದಿಸುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ರೂಟ್ ಆಗಿ ಓಡುವ ಬ್ರೌಸರಿನೊಳಗೆ ದುಷ್ಟ ಕೋಡ್ ನುಗ್ಗಿದರೆ, ನಾವು ಮೌಂಟ್ ಮಾಡದೆ (ವ್ಯವಸ್ಥೆಗೆ ಜೋಡಿಸದೆ) ಬಿಟ್ಟ ಹಾರ್ಡ್ ಡಿಸ್ಕನ್ನೂ ಅದು ತಾನೇ ಮೌಂಟ್ ಮಾಡಿ ಓದಬಲ್ಲದು, ಅಳಿಸಲೂಬಲ್ಲದು. ಯಂತ್ರ ಮತ್ತೆ ಶುದ್ಧವಾಗಿ ಎದ್ದು ನಿಂತರೂ ಆ ಹೊತ್ತಿಗೆ ಗ್ರಾಹಕರ ದಾಖಲೆಗಳು ಹೊರಗೆ ಹೋಗಿರುತ್ತವೆ.

ಇದಕ್ಕೆ ಪಪ್ಪಿಯಲ್ಲೇ ಇರುವ ಉತ್ತರ ‘ಸ್ಪಾಟ್’ ಎಂಬ ಸೀಮಿತ ಅಧಿಕಾರದ ಬಳಕೆದಾರ. ಸೆಟಪ್ ಮೆನುವಿನ ಲಾಗಿನ್ ಮತ್ತು ಸೆಕ್ಯೂರಿಟಿ ಮ್ಯಾನೇಜರ್‌ನಲ್ಲಿ ಬ್ರೌಸರಿನ ಹೆಸರಿಗೆ ಗುರುತು ಹಾಕಿದರೆ ಅಂದಿನಿಂದ ಅದು ಸ್ಪಾಟ್ ಆಗಿ ಓಡುತ್ತದೆ. ಹಾಗೆ ಓಡುತ್ತಿದೆಯೇ ಎಂಬುದನ್ನು ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಸಾಧನ) ತೆರೆದು ಯೂಸರ್ ಕಾಲಂ ನೋಡಿ ಖಚಿತಪಡಿಸಿಕೊಳ್ಳಬೇಕು. ಬೇರೆ ಐಕಾನ್‌ನಿಂದ ತೆರೆದಾಗ ರೂಟ್ ಆಗಿಯೇ ಓಡುವ ಸಾಧ್ಯತೆ ಇರುತ್ತದೆ. ಕ್ರೋಮಿಯಂ ಬ್ರೌಸರ್ ಮಾತ್ರ ರೂಟ್ ಆಗಿ ಏಳಲು ಒಪ್ಪುವುದಿಲ್ಲ. ಆಗ ‘ನೋ-ಸ್ಯಾಂಡ್‌ಬಾಕ್ಸ್’ ಸೇರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ಪುಟವನ್ನೂ ಬೇರ್ಪಡಿಸಿ ಇಡುವ ಗೋಡೆಯನ್ನೇ ಕೆಡವಿ, ಮೇಲೆ ರೂಟ್ ಅಧಿಕಾರವನ್ನೂ ಕೊಟ್ಟಂತಾಗುತ್ತದೆ.

ಸ್ಪಾಟ್‌ನ ಜೊತೆ ಬಾಳುವುದು ಮೊದಲಿಗೆ ಸ್ವಲ್ಪ ಕಿರಿಕಿರಿಯೇ. ಡೌನ್‌ಲೋಡ್ ಆದ ಕಡತಗಳು ಸ್ಪಾಟ್‌ನ ಫೋಲ್ಡರಿಗೆ ಹೋಗುತ್ತವೆ, ಅಪ್‌ಲೋಡ್ ಮಾಡಬೇಕಾದ ಸ್ಕ್ಯಾನ್ ಪ್ರತಿಯನ್ನೂ ಅಲ್ಲಿಗೇ ತಂದಿಡುವುದು ಸುಲಭ. ನಮ್ಮವರಿಗೆ ಮುಖ್ಯವಾದ ಇನ್ನೊಂದು ಸಂಗತಿ ಕನ್ನಡ ಫಾಂಟಿನದು. ರೂಟ್‌ನ ಫೋಲ್ಡರಿನೊಳಗೆ ಹಾಕಿದ ಫಾಂಟ್ ರೂಟ್ ಆಗಿ ಓಡುವ ಎಡಿಟರಿನಲ್ಲಿ ಚೆನ್ನಾಗಿ ಕಾಣುತ್ತದೆ; ಸ್ಪಾಟ್ ಆಗಿ ಓಡುವ ಬ್ರೌಸರಿನ ಮನೆಯೇ (ಹೋಮ್ ಫೋಲ್ಡರ್) ಬೇರೆಯಾದ್ದರಿಂದ ಅಲ್ಲಿ ಅಕ್ಷರದ ಬದಲು ಚೌಕಗಳು ಬರುತ್ತವೆ. ಲೋಹಿತ್ ಅಥವಾ ನೋಟೋ ಕನ್ನಡವನ್ನು ಎಲ್ಲ ಬಳಕೆದಾರರಿಗೂ ಸೇರಿದ ಫಾಂಟ್ ಫೋಲ್ಡರಿಗೆ ಹಾಕಿದರೆ ಈ ತೊಂದರೆ ತೀರುತ್ತದೆ. ಫೈರ್‌ಫಾಕ್ಸ್ ತನ್ನನ್ನು ತಾನೇ ನವೀಕರಿಸಿಕೊಳ್ಳುವುದೂ ನಿಲ್ಲುತ್ತದೆ, ಏಕೆಂದರೆ ಅದರ ಫೋಲ್ಡರ್ ರೂಟ್‌ಗೆ ಸೇರಿದ್ದು. ಆ ಫೋಲ್ಡರನ್ನು ಸ್ಪಾಟ್‌ಗೆ ಬಿಟ್ಟುಕೊಡುವ ಬದಲು ಬ್ರೌಸರ್ ಮುಚ್ಚಿ ಹೊಸ ಆವೃತ್ತಿಯನ್ನು ಕೈಯಾರೆ ಹಾಕುವ ರೂಢಿ ನನ್ನದು. ನವೀಕರಿಸದ ಬ್ರೌಸರಿಗೆ ಸ್ಪಾಟ್‌ನ ರಕ್ಷಣೆ ಸಾಲದು.

ಸ್ಪಾಟ್ ಪೂರ್ಣ ಕವಚವೂ ಅಲ್ಲ. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಒಂದೇ ಪರದೆಯ ಮೇಲಿರುವ ಒಂದು ಪ್ರೋಗ್ರಾಮ್ ಮತ್ತೊಂದರಲ್ಲಿ ಒತ್ತುವ ಕೀಲಿಗಳನ್ನು ಗಮನಿಸಬಲ್ಲದು, ಬಳಕೆದಾರ ಬೇರೆಯಾದರೂ ಸರಿ. ಆದ್ದರಿಂದ ಬ್ರೌಸರ್ ತೆರೆದಿರುವಾಗ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡಬಾರದು. ಗ್ರಾಹಕರ ಕಡತಗಳಂತೂ ಸ್ಪಾಟ್‌ನ ಕೈಗೇ ಸಿಗುವಂತಿರುತ್ತವೆ. ಅರ್ಜಿ ಸಲ್ಲಿಕೆಯಾದ ಕೂಡಲೇ ಅವನ್ನು ಅಳಿಸಿಬಿಡುವುದೇ ಮೇಲು.

ಬೇಸಿಗೆಯಲ್ಲಿ ಕರೆಂಟ್ ಹೋಗುವ ನಮ್ಮ ಊರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಪೆನ್‌ಡ್ರೈವ್‌ನಿಂದ ಓಡಿಸುವಾಗ ಬದಲಾವಣೆಗಳು ರ್‍ಯಾಮ್‌ನಲ್ಲೇ ಇದ್ದು, ಸೇವ್ ಗುಂಡಿ ಒತ್ತಿದಾಗ, ಹೊಂದಿಸಿಟ್ಟ ಅವಧಿಗೊಮ್ಮೆ ಅಥವಾ ಯಂತ್ರವನ್ನು ಸರಿಯಾಗಿ ಮುಚ್ಚುವಾಗಷ್ಟೇ ಪೆನ್‌ಡ್ರೈವ್‌ಗೆ ಇಳಿಯುತ್ತವೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಸ್ವೀಕೃತಿ ಪತ್ರ ಡೌನ್‌ಲೋಡ್ ಆದೊಡನೆ ಮುದ್ರಿಸಿ ಕೊಟ್ಟುಬಿಡಬೇಕು.

ಹೊಸದಾಗಿ ಶುರುಮಾಡುವವರು ಪಪ್ಪಿಯಿಂದಲೇ ಬೆಳೆದ ಫ್ಯಾಟ್‌ಡಾಗ್64 ಅನ್ನೂ ನೋಡಬಹುದು. ಅದರಲ್ಲಿ ಬ್ರೌಸರ್ ಮೊದಲಿನಿಂದಲೇ ಸ್ಪಾಟ್ ಆಗಿ ಓಡುತ್ತದೆ. ಆದರೆ 32 ಬಿಟ್‌ನ ಯಂತ್ರವಿದ್ದವರಿಗೆ ಅದು ಒದಗುವುದಿಲ್ಲ, ಪಪ್ಪಿಯ 32 ಬಿಟ್ ಆವೃತ್ತಿಗಳಲ್ಲೇ ಸ್ಪಾಟ್ ಹೊಂದಿಸಿಕೊಳ್ಳಬೇಕು.