ಹಳೇ ಮ್ಯಾಸಿಯ ಡೈನಮೋ ಮತ್ತು ಗೋಣಿಕೊಪ್ಪದ ಒಂದು ಪುಟ್ಟ ಅಂಗಡಿ

ನಮ್ಮ ಮನೆಯಲ್ಲಿರುವುದು ಅಪ್ಪನ ಕಾಲದ ಮ್ಯಾಸಿ 35 ಟ್ರ್ಯಾಕ್ಟರ್. ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಈಗಿನ ಆಲ್ಟರ್ನೇಟರ್ ಇಲ್ಲ, ಹಳೇ ಲ್ಯೂಕಸ್ ಡೈನಮೋ. ಈ ಸಲ ಕೈಲ್ ಪೊಳ್ದಿಗೆ (ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ) ಪೈಪ್ ಹಿಡಿದು ಚೆನ್ನಾಗಿ ತೊಳೆದು, ಹೂ ಕಟ್ಟಿ ಪೂಜೆ ಮಾಡಿದೆವು. ಮುಂದಿನ ವಾರದಿಂದ ಬ್ಯಾಟರಿ ನಿಲ್ಲಲೇ ಇಲ್ಲ. ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಒಂದು ತಿಂಗಳು ಕಾಫಿ ಕಣದ ಮೇಲಿನ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡಿದೆ. ಡೀಸೆಲ್ ಗಾಡಿ, ಒಮ್ಮೆ ಹತ್ತಿಕೊಂಡರೆ ಬ್ಯಾಟರಿಯ ಹಂಗಿಲ್ಲ.

ಮೊದಲು ತೋರಿಸಿದ ಕಡೆ ಗಾಡಿ ಸ್ಟಾರ್ಟ್ ಕೂಡ ಮಾಡಲಿಲ್ಲ. "ಡೈನಮೋ ಹೋಗಿದೆ, ಆಲ್ಟರ್ನೇಟರ್ ಹಾಕಿಸಿ" ಎಂದರು. ಏಳೂವರೆ ಸಾವಿರ. ಬ್ಯಾಟರಿಯೂ ಹೊಸದು ಬೇಕಂತೆ.

ಆಮೇಲೆ ಗೋಣಿಕೊಪ್ಪದ ಈ ಆಟೋ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಬೋರ್ಡಿನ ಅಕ್ಷರ ಮಳೆಗೆ ಅಳಿಸಿಹೋಗಿದೆ. ಮೇಸ್ತ್ರಿಗೆ ಅರವತ್ತರ ಮೇಲಿರಬೇಕು. ಸ್ಪ್ಯಾನರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಅಣ್ಣಾ, ರೇಸ್ ಕೊಟ್ಟಾಗ ಕೆಂಪು ಬಲ್ಬ್ ಏನಾಗುತ್ತೆ?"

ಅಮ್ಮೀಟರ್ ಕೆಟ್ಟಾಗ ಅಪ್ಪ ಹಾಕಿಸಿದ್ದ ಚಾರ್ಜಿಂಗ್ ಬಲ್ಬ್ ಅದು. ನಾನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು. ಸ್ಲೋ ಇದ್ದಾಗ ಉರಿಯಿತು. ಸ್ವಲ್ಪ ರೇಸ್ ಕೊಟ್ಟಾಗ ಆರಿತು. ಇನ್ನೂ ಜಾಸ್ತಿ ಕೊಟ್ಟರೆ ಮತ್ತೆ ಉರಿಯಿತು, ಮೊದಲಿಗಿಂತ ಜೋರಾಗಿ!

"ಹಾಗಾದರೆ ಡೈನಮೋ ಸತ್ತಿಲ್ಲ" ಎಂದರು.

ಆದರೂ ಪರೀಕ್ಷೆ ಮಾಡಿಯೇ ತೋರಿಸಿದರು. ಇಂಜಿನ್ ನಿಲ್ಲಿಸಿ ಡೈನಮೋದ ಎರಡೂ ವೈರ್ ಬಿಚ್ಚಿದರು. ಅದರ ಡಿ (ಕರೆಂಟ್ ಹೊರಬರುವ ಕಡೆ) ಮತ್ತು ಎಫ್ (ಒಳಗಿನ ಫೀಲ್ಡ್ ಕಾಯಿಲ್‌ನ ಕಡೆ) ಅನ್ನು ಒಂದು ತುಂಡು ವೈರಿನಿಂದ ಸೇರಿಸಿ, ಮೀಟರಿನ ಒಂದು ವೈರ್ ಅಲ್ಲಿಗೆ, ಇನ್ನೊಂದು ಡೈನಮೋದ ಮೈಗೆ ಹಿಡಿದರು. ಸ್ಟಾರ್ಟ್ ಮಾಡಿ ನಿಧಾನಕ್ಕೆ ರೇಸ್ ಕೊಟ್ಟೆ. ಮುಳ್ಳು ಒಂಚೂರೂ ನಡುಗದೆ 15 ದಾಟಿತು. "ಸಾಕು, ಬಿಡಿ, ಬಿಡಿ! ಫೀಲ್ಡ್ ಕಾಯಿಲ್ ಸುಡುತ್ತೆ." ಒಂದೆರಡು ವೋಲ್ಟಿನಲ್ಲೇ ನಿಂತಿದ್ದರೆ ಬ್ರಷ್ (ತಿರುಗುವ ಭಾಗಕ್ಕೆ ಒತ್ತಿಕೊಂಡಿರುವ ಕಾರ್ಬನ್ ತುಂಡು) ಅಥವಾ ಫೀಲ್ಡ್ ನೋಡಬೇಕಿತ್ತಂತೆ.

ತಪ್ಪು ಇದ್ದದ್ದು ಕಟೌಟ್ ಡಬ್ಬಿಯ ಅರ್ತ್‌ನಲ್ಲಿ, ಅಂದರೆ ಗಾಡಿಯ ಮೈಗೆ ಸೇರುವ ವೈರಿನಲ್ಲಿ. ಡೈನಮೋವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವುದು, ವೋಲ್ಟೇಜ್ ಮಿತಿಯಲ್ಲಿ ಇಡುವುದು ಎರಡೂ ಈ ಡಬ್ಬಿಯ ಕೆಲಸ. ಇ ಅಂತ ಗುರುತಿರುವ ಕಡೆಯ ವೈರ್ ನೋಡಲು ಗಟ್ಟಿಯಾಗೇ ಇತ್ತು. ಸ್ಕ್ರೂ ತಿರುಗಿಸಿದರೆ ಅದರ ರಿಂಗ್ ಕೈಗೇ ಬಂತು, ಹಸಿರು ಪುಡಿ ಉದುರಿತು. ನಮ್ಮ ಮಳೆಗಾಲ ಅರ್ಧ ತಿಂದಿತ್ತು, ಉಳಿದದ್ದು ನನ್ನ ಪೈಪಿನ ಕೆಲಸ. ಅರ್ತ್ ಇಲ್ಲದಿದ್ದರೆ ಕಟೌಟ್‌ನ ಕಾಯಿಲ್‌ಗೆ ಕರೆಂಟ್ ಹರಿಯುವುದಿಲ್ಲ, ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಪಾಯಿಂಟ್ ಕೂರುವುದಿಲ್ಲ, ಬ್ಯಾಟರಿಗೆ ಏನೂ ಹೋಗುವುದಿಲ್ಲ. ವೋಲ್ಟೇಜ್ ಹಿಡಿದಿಡುವ ಕಾಯಿಲ್‌ಗೂ ಅದೇ ಗತಿ, ಹಾಗಾಗಿ ಡೈನಮೋ ಮಾತ್ರ ಲಗಾಮಿಲ್ಲದೆ ಏರುತ್ತದೆ. ಬಲ್ಬ್ ಇರುವುದು ಬ್ಯಾಟರಿ ಮತ್ತು ಡೈನಮೋ ಮಧ್ಯೆ. ಯಾವ ಕಡೆ ವೋಲ್ಟೇಜ್ ಜಾಸ್ತಿಯಾದರೂ ಅದು ಉರಿಯುತ್ತದೆ. ಇಷ್ಟು ವರ್ಷ ಅದನ್ನು ಸುಮ್ನೆ ಒಂದು ಕೆಂಪು ದೀಪ ಅಂದುಕೊಂಡಿದ್ದೆ.

ಪೇಂಟ್ ಕೆರೆದು, ಹೊಸ ರಿಂಗ್ ಒತ್ತಿ, ಮೇಲೆ ಗ್ರೀಸ್ ಸವರಿದರು. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ ಇಂಜಿನ್ ನಿಂತಾಗ 12.2, ಓಡುವಾಗ 13.9. ಡೈನಮೋ ಸುತ್ತಲಿನ ಮುಚ್ಚಳದ ಪಟ್ಟಿ ಸರಿಸಿ ಬ್ರಷ್ ನೋಡಿ, "ಇನ್ನೂ ಅರ್ಧ ಇದೆ, ಯಾಕೆ ದುಡ್ಡು ಹಾಳು" ಅಂತ ಹಾಗೇ ಮುಚ್ಚಿದರು. ಬ್ಯಾಟರಿಯನ್ನು ಒಂದು ರಾತ್ರಿ ಚಾರ್ಜಿಗೆ ಇಟ್ಟಿದ್ದೂ ಸೇರಿ 650 ರೂಪಾಯಿ.

ಕೊರತೆ ಇಲ್ಲ ಅಂತಲ್ಲ. ಬಿಲ್ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ. ಎರಡೂವರೆ ಗಂಟೆ ಕಾದೆ, ಕೂರಲು ಒಂದು ಹಳೇ ಟೈರ್ ಬಿಟ್ಟರೆ ಬೇರೇನೂ ಇಲ್ಲ. ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದರೆ ಹಿಂದಿನ ಜೀಪಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಸಂತೆಯ ದಿನವಂತೂ ಬೇಡವೇ ಬೇಡ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋಗಿ.