ಮೊಲದ ಕಣ್ಣಿಗೆ ಮೆಡಿಕಲ್ ಅಂಗಡಿಯ ಸಲೈನ್: ಯಾವುದು ತರಬೇಕು, ಎಲ್ಲಿಯವರೆಗೆ ನಂಬಬೇಕು

ಮುಂಬಯಿ ಕಡೆಯ ಡೊಂಬಿವಲಿಯಾಗಲಿ ಮಾಟುಂಗಾ ಆಗಲಿ, ಮೆಡಿಕಲ್ ಅಂಗಡಿಗೆ ಹೋಗಿ ‘ಕಣ್ಣು ತೊಳೆಯೋಕೆ ಸಲೈನ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಈ ಮೂರರಲ್ಲಿ ಒಂದು: 100 ಮಿ.ಲೀ. ಡ್ರಿಪ್ ಬಾಟಲಿ, 10 ಮಿ.ಲೀ. ಪ್ಲಾಸ್ಟಿಕ್ ಆಂಪ್ಯೂಲ್, ಇಲ್ಲವೇ ಮಕ್ಕಳ ಮೂಗಿಗೆ ಬಿಡುವ ಡ್ರಾಪ್ಸ್. ಮೊಲಕ್ಕೆ ಮೊದಲೆರಡು ಆಗುತ್ತವೆ, ಮೂರನೆಯದು ಬೇಡ. ಮೂಗಿನ ಡ್ರಾಪ್ಸ್‌ನಲ್ಲಿ ಉಪ್ಪು ಸಾಮಾನ್ಯವಾಗಿ 0.65%, ಜೊತೆಗೆ ಕೆಡದಂತೆ ಹಾಕಿದ ರಾಸಾಯನಿಕವೂ ಇರುವುದುಂಟು. ಲೇಬಲ್ ಮೇಲೆ ‘ಸೋಡಿಯಂ ಕ್ಲೋರೈಡ್ 0.9%’ ಎಂದಷ್ಟೇ ಇರಬೇಕು. ಡೆಕ್ಸ್‌ಟ್ರೋಸ್ ಸೇರಿದ ‘ಡಿಎನ್‌ಎಸ್’ ಬಾಟಲಿಯೂ ನೋಡಲು ಹೀಗೇ ಇರುತ್ತದೆ. ಸಕ್ಕರೆ ನೀರು ಕಣ್ಣಿಗೆ ಹೋಗಬಾರದು, ದುಡ್ಡು ಕೊಡುವ ಮುನ್ನ ಓದಿ ನೋಡಿ.

ಎರಡರಲ್ಲಿ ನಮ್ಮ ಓಟು ಆಂಪ್ಯೂಲಿಗೆ. ತುದಿ ತಿರುಚಿದರೆ ತೆರೆಯುತ್ತದೆ, ಒಂದು ಸಲ ತೊಳೆದು ಉಳಿದದ್ದನ್ನು ಚೆಲ್ಲಿದರಾಯಿತು. ಡ್ರಿಪ್ ಬಾಟಲಿ ಬೆಲೆ ನಿಯಂತ್ರಣದಲ್ಲಿರುವ ವಸ್ತು, ಲೆಕ್ಕ ಹಾಕಿದರೆ ಅದೇ ಅಗ್ಗ. ಆದರೆ ಅದರಲ್ಲಿ ಸೋಂಕು ತಡೆಯುವಂಥದ್ದು ಏನೂ ಇಲ್ಲ. ಒಮ್ಮೆ ಚುಚ್ಚಿದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ವಾರವಿಡೀ ಬಳಸುವುದೇ ಜನ ಮಾಡುವ ದೊಡ್ಡ ತಪ್ಪು. 24 ಗಂಟೆಗೆ ಅದನ್ನು ಎಸೆಯಬೇಕು. ರಬ್ಬರ್ ಮುಚ್ಚಳಕ್ಕೆ ಸ್ಪಿರಿಟ್ ಒರೆಸಿ, ಒಣಗಿದ ಮೇಲೆ ಸೂಜಿಯಿಂದ 5 ಮಿ.ಲೀ. ಸಿರಿಂಜಿಗೆ ಎಳೆದುಕೊಳ್ಳಿ. ಆಮೇಲೆ ಸೂಜಿ ಕಳಚಿ ಪಕ್ಕಕ್ಕಿಟ್ಟೇ ಮೊಲದ ಹತ್ತಿರ ಬನ್ನಿ. ಸೂಜಿ ಸಮೇತ ಕಣ್ಣಿನ ಬಳಿ ಕೈ ಹೋಗುವಂತಿಲ್ಲ.

ತೊಳೆಯುವ ರೀತಿ ಇಷ್ಟು. ಸಿರಿಂಜನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದು ತಣ್ಣನೆ ಬಿಡಿಸಿ. ಮೊಲವನ್ನು ಟವೆಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗೆ, ಹಿಂಗಾಲು ಒಳಗೆ ಬಿಗಿಯಾಗಿ. ಬೆನ್ನಡಿ ಮಾಡಿ ಮಲಗಿಸಬೇಡಿ: ಗಾಬರಿಯಲ್ಲಿ ಒದ್ದರೆ ಅದರ ಹಿಂಗಾಲಿನ ಬಲಕ್ಕೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು. ಗೀಜು ಗಟ್ಟಿಯಾಗಿದ್ದರೆ ಒದ್ದೆ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ತುಂಡನ್ನು ಎರಡು ಮೂರು ನಿಮಿಷ ಅದರ ಮೇಲಿಡಿ. ತಾನಾಗಿ ಮೆತ್ತಗಾಗುತ್ತದೆ, ಉಗುರಿನಿಂದ ಕೀಳಬಾರದು. ಹತ್ತಿಯ ಎಳೆ ಕಣ್ಣಿನಲ್ಲೇ ಉಳಿಯುತ್ತದಾದ್ದರಿಂದ ಗಾಜ್ ಬಟ್ಟೆಯೇ ಬೇಕು. ನಂತರ ಎರಡು ಸೆಂಟಿಮೀಟರ್ ಎತ್ತರದಿಂದ, ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಗೆ ಹರಿಯುವಂತೆ 2ರಿಂದ 3 ಮಿ.ಲೀ. ಬಿಡಿ. ಇನ್ನೊಂದು ಕಣ್ಣಿಗೆ ಬೇರೆ ಗಾಜ್.

ಕೊನೆಗೆ ಕೆನ್ನೆಯ ಕೂದಲು ಒಣಗಿಸುವುದು. ಬೇಸಿಗೆಯಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಒಗೆದ ಅಂಗಿಯೇ ಒಣಗುವುದಿಲ್ಲ, ಇನ್ನು ಒದ್ದೆ ತುಪ್ಪಳದ ಮಾತೇನು? ಅಡಿಯ ಚರ್ಮ ಬೆಂದಂತಾಗಿ ಕೂದಲು ಉದುರುತ್ತದೆ, ನೊಣ ಕೂರುತ್ತದೆ.

ಪೆಟ್ ಅಂಗಡಿಯ ‘ಐ ಕ್ಲೀನರ್’ಗಳು ಬಹುಪಾಲು ನಾಯಿಯ ಕಣ್ಣೀರಿನ ಕಲೆ ತೆಗೆಯಲು ಮಾಡಿದವು. ಸುವಾಸನೆ, ಬೋರಿಕ್ ಆ್ಯಸಿಡ್ ಇರುವುದನ್ನು ಬಿಡಿ. ಗುಲಾಬ್‌ಜಲವನ್ನೂ ಬಿಡಿ. ಸಲೈನ್ ಬಿಟ್ಟರೆ ಇಟ್ಟುಕೊಳ್ಳಬಹುದಾದದ್ದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಇರುವ ಕಣ್ಣೀರು ಡ್ರಾಪ್ಸ್. ಧೂಳಿಗೆ ಕೆಂಪಾದ ಕಣ್ಣಿಗೆ ದಿನಕ್ಕೆ ಮೂರು ನಾಲ್ಕು ಸಲ ಒಂದೊಂದು ಹನಿ. ತೆರೆದ ಬಾಟಲಿಗೆ ಒಂದು ತಿಂಗಳ ಆಯುಷ್ಯ.

ಒಂದು ವಿಷಯದಲ್ಲಿ ಮಾತ್ರ ಗಲಾಟೆ ಮಾಡಿಯಾದರೂ ಬೇಡ ಅನ್ನಬೇಕು. ‘ಕಣ್ಣು ಕೆಂಪಾಗಿದೆ’ ಎಂದ ಕೂಡಲೇ ಚೀಟಿ ಇಲ್ಲದೆಯೂ ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್ ಸೇರಿದ ಡ್ರಾಪ್ಸ್ ಎತ್ತಿ ಕೊಡುವವರಿದ್ದಾರೆ. ಇವು ಸ್ಟೀರಾಯ್ಡ್. ಹುಲ್ಲಿನ ಕಡ್ಡಿ ತಾಗಿ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಗೀರಿದ್ದರೆ, ಸ್ಟೀರಾಯ್ಡ್ ಆ ಗಾಯ ಮಾಯದಂತೆ ಮಾಡುತ್ತದೆ. ಕೆಂಪು ಇಳಿದದ್ದು ಕಂಡು ನೀವು ಸಮಾಧಾನಪಡುವಷ್ಟರಲ್ಲಿ ಗಾಯ ಆಳಕ್ಕೆ ಇಳಿದಿರುತ್ತದೆ. ಅಮಾಕ್ಸಿಸಿಲಿನ್ ಸಿರಪ್ ಇನ್ನೂ ಕೆಟ್ಟದ್ದು: ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಕುತ್ತು.

ಹಾಗಾದರೆ ಸಲೈನಿಗೆ ಐದರಲ್ಲಿ ಎಷ್ಟು ಅಂಕ? ಧೂಳು, ಹುಲ್ಲಿನ ಹುಡಿ, ಮೂತ್ರದ ಅಮೋನಿಯಾ, ಈ ಮೂರಕ್ಕೆ ಐದಕ್ಕೆ ಐದು. ಮೊಲ ರೆಪ್ಪೆ ಬಡಿಯುವುದೇ ಅಪರೂಪ, ಗಂಟೆಗೆ ಹತ್ತು ಹನ್ನೆರಡು ಸಲ. ಬಿದ್ದ ಕಸ ಅಲ್ಲೇ ಕೂರುತ್ತದೆ. ಜೊತೆಗೆ ಕಾರಣವನ್ನೂ ತೆಗೆಯಬೇಕು. ಟಿಮೊಥಿ ಹುಲ್ಲನ್ನು ಗ್ಯಾಲರಿಯಲ್ಲಿ ಕೊಡವಿ ಹಾಕಿ, ಮರದ ಹುಡಿ ಹಾಸುವುದು ನಿಲ್ಲಿಸಿ, ಮಳೆಗಾಲದಲ್ಲಿ ಟ್ರೇ ದಿನಕ್ಕೆ ಎರಡು ಸಲ ಬದಲಿಸಿ. ಟ್ರೇಯ ಅಮೋನಿಯಾ ವಾಸನೆ ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಬಗ್ಗಿ, ಮೊಲದ ಮೂಗಿರುವ ಮಟ್ಟದಲ್ಲಿ ಮೂಸಿ ನೋಡಿ.

ಕಣ್ಣಿನ ಕೆಂಪು, ನೀರು ಎರಡು ದಿನದಲ್ಲಿ ಇಳಿಯದಿದ್ದರೆ, ಇಳಿದು ಮತ್ತೆ ಬಂದರೆ, ಅಂಕ ಸೊನ್ನೆ. ಆಗ ಮುಂಗಾಲು ಎತ್ತಿ ಒಳಬದಿ ನೋಡಿ. ಕೂದಲು ಅಂಟಂಟಾಗಿ ಕಡ್ಡಿಗಟ್ಟಿದ್ದರೆ ಮೊಲ ದಿನವಿಡೀ ಮುಖ ಒರೆಸಿಕೊಳ್ಳುತ್ತಿದೆ ಎಂದರ್ಥ. ಮೊಲದ ಕಣ್ಣೊಂದಕ್ಕೆ ಕಣ್ಣೀರು ಇಳಿಯುವ ರಂಧ್ರ ಒಂದೇ, ಕೆಳರೆಪ್ಪೆಯಲ್ಲಿ. ಅಲ್ಲಿಂದ ಹೊರಟ ನಾಳ ಹಲ್ಲಿನ ಬೇರುಗಳ ಪಕ್ಕದಲ್ಲೇ ತಿರುವಿ ಮೂಗಿಗೆ ಸೇರುತ್ತದೆ. ಹುಲ್ಲು ಬಿಟ್ಟು ಕಡಲೆ, ಪೆಲೆಟ್ ತಿಂದೇ ಬೆಳೆದ ಮೊಲದಲ್ಲಿ ಹಲ್ಲು ಸವೆಯದೆ ಬೇರು ಹಿಂದಕ್ಕೆ ಬೆಳೆದು ನಾಳವನ್ನು ಒತ್ತುತ್ತದೆ. ನೀರು ಬರುವುದು ಕಣ್ಣಿನಲ್ಲಿ, ರೋಗ ಇರುವುದು ಬಾಯಲ್ಲಿ. ಹಾಲಿನಂಥ ಬಿಳಿ ಕೀವು ಬಂದರೆ ನಾಳವನ್ನು ಡಾಕ್ಟರೇ ತೊಳೆಯಬೇಕು: ಮರಗಟ್ಟಿಸುವ ಹನಿ ಹಾಕಿ, ಸಪೂರ ನಳಿಕೆ ತೂರಿಸಿ, ಇದೇ ಸಲೈನ್ ಹಾಯಿಸುತ್ತಾರೆ. ಮನೆಯಲ್ಲಿ ಆಗುವ ಕೆಲಸವಲ್ಲ.

ಕಣ್ಣು ಮುಚ್ಚಿಕೊಂಡೇ ಇದ್ದರೆ, ಮೇಲೆ ನೀಲಿ ಮಬ್ಬು ಕವಿದರೆ, ಗುಡ್ಡೆ ಮುಂದಕ್ಕೆ ಉಬ್ಬಿದರೆ, ಅಥವಾ ಮೊಲ ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಎರಡು ದಿನ ಕಾಯುವ ಮಾತೇ ಇಲ್ಲ. ಪರೇಲ್‌ನಲ್ಲಿ 1886ರಷ್ಟು ಹಳೆಯ ಪಶುವೈದ್ಯಕೀಯ ಕಾಲೇಜಿದೆ, ಉಪನಗರಗಳಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಆದರೆ ನಾಯಿ ಬೆಕ್ಕು ನೋಡುವವರೆಲ್ಲ ಮೊಲ ನೋಡುವುದಿಲ್ಲ. ಲೋಕಲ್ ಹತ್ತುವ ಮುನ್ನ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಫ್ಲೋರೆಸಿನ್ ಪಟ್ಟಿ (ಗೀರು ಎದ್ದು ಕಾಣುವಂತೆ ಮಾಡುವ ಬಣ್ಣದ ಪಟ್ಟಿ) ಹಾಕಿ ಕಾರ್ನಿಯಾ ಪರೀಕ್ಷಿಸುತ್ತೀರಾ, ಮೊಲದ ದವಡೆಹಲ್ಲು ನೋಡುವ ಉಪಕರಣ ಇದೆಯೇ?